ಬಾವಿಯೊಳಗಿನ ಬಿಳಿ ಗೆರೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಈ ಮಾತೆಲ್ಲ ಅದರಿಂದಲೇ ಹುಟ್ಟಿದ್ದು.

ಅಪ್ಪ ಬಾವಿ ತೋಡುವ ಮೇಸ್ತ್ರಿ. ವಿಜಯಪುರದ ಕಡೆಯಿಂದ ಕೂಲಿಗೆಂದು ಮಿರಜಿಗೆ ಬಂದವರು, ಮಾಲಗಾಂವದ ದ್ರಾಕ್ಷಿ ತೋಟಗಳಿಂದ ಆರಗದ ಹೊಲಗಳವರೆಗೆ ಎಷ್ಟೋ ಬಾವಿಗಳಿಗೆ ಇಳಿದರು. ಕಲ್ಲಿನ ಧೂಳು ಕುಡಿದು ಎದೆ ಹಾಳಾದ ಮೇಲೆ ಮನೆಯಲ್ಲಿ ಕೂತರು. ಅಷ್ಟರಲ್ಲಿ ನಾನು ಓದಿ ಭೂವಿಜ್ಞಾನಿಯಾಗಿದ್ದೆ. "ನಾನೂ ಕಲ್ಲ ಒಡದೆ, ಮಗಳೂ ಕಲ್ಲ ಒಡೀತಾಳ. ಆಕಿಗೆ ಪಗಾರ ಜಾಸ್ತಿ, ಅಷ್ಟ" ಎಂದು ಓಣಿಯವರನ್ನು ನಗಿಸುತ್ತಿದ್ದರು.

ನಮ್ಮ ಈ ನೆಲವೆಲ್ಲ ಲಾವಾ ಪದರಪದರವಾಗಿ ಹರಿದು ಆರಿದ ಕರಿಕಲ್ಲು. ಒಂದು ಪದರ ಆರಿ, ಅದರ ಮೇಲೆ ಇನ್ನೊಂದು ಹರಿಯುವ ಮೊದಲು ಎಷ್ಟೋ ಸಾವಿರ ವರ್ಷ ಮಳೆ ಸುರಿದ ಕಡೆ ಕಲ್ಲು ಕೊಳೆತು ಕೆಮ್ಮಣ್ಣಾಗಿದೆ. ನೀರು ಕರಗುವುದನ್ನೆಲ್ಲ ಒಯ್ದು, ಕರಗದ್ದನ್ನು ಬಿಟ್ಟು ಹೋಗುತ್ತದೆ. ಹಾಗೆ ಉಳಿದದ್ದರಲ್ಲಿ ಟೈಟೇನಿಯಂ, ನಿಯೋಬಿಯಂ ಇರುತ್ತವೆ. ವಿಮಾನಕ್ಕೆ, ಯಂತ್ರಗಳಿಗೆ ಇಂದು ದೇಶದೇಶಗಳು ಹುಡುಕುತ್ತಿರುವ ಲೋಹಗಳು. ಎಷ್ಟು ಕಾಲ ನೆಂದರೆ ಮಣ್ಣು ಅದಿರಾಗುತ್ತದೆ ಎಂಬುದೇ ನನ್ನ ಸಂಶೋಧನೆ. ಎರಡು ಕಲ್ಲಿನ ಪದರಗಳ ನಡುವೆ ಸಿಕ್ಕಿಕೊಂಡ ಆ ಕೆಮ್ಮಣ್ಣಿನ ಪಟ್ಟಿ ನೋಡಬೇಕೆಂದರೆ ಬಾವಿಗೇ ಇಳಿಯಬೇಕು.

ಅಪ್ಪ ತೋಡಿದ ಮಾಲಗಾಂವದ ಒಂದು ಬಾವಿಗೆ ಮೊದಲ ಸಲ ಇಳಿದಾಗ ಪಾಚಿ, ಕತ್ತಲು. ಅರ್ಧ ದಿನ ತಡಕಾಡಿದರೂ ಪಟ್ಟಿ ಸಿಗಲಿಲ್ಲ. ಮನೆಗೆ ಬಂದು ಒದರಾಡಿದೆ. ಅಪ್ಪ ಕೇಳಿಸಿಕೊಂಡರು. ಕೆಲವು ದಿನ ಬಿಟ್ಟು ಮತ್ತೆ ಇಳಿದರೆ ಪಟ್ಟಿಯ ಮೇಲೊಂದು, ಕೆಳಗೊಂದು ಬಿಳಿ ಗೆರೆ! ಅಪ್ಪ ಯಾರನ್ನೋ ಇಳಿಸಿ ಸುಣ್ಣ ಹಚ್ಚಿಸಿದ್ದಾರೆ ಅಂದುಕೊಂಡೆ. ಬಾವಿ ತೋಡುವವರು ಗುರುತಿಗೆ ಹಚ್ಚುವುದೇ ಸುಣ್ಣ. ಅದರಲ್ಲಿ ನಾನು ಹುಡುಕುವ ಲೋಹಗಳಿಲ್ಲ, ನನ್ನ ಲೆಕ್ಕ ಕೆಡುವುದಿಲ್ಲ. ಮಣ್ಣಿನ ಬಿರುಕಿನಲ್ಲೂ ಬಿಳಿ ಇಳಿದಿತ್ತು. ಇಲ್ಲಿನ ಕಲ್ಲಿನಲ್ಲಿ ಬಿಳಿ ಎಳೆಗಳು ಇದ್ದೇ ಇರುತ್ತವೆ ಎಂದುಕೊಂಡು ಗೆರೆಯ ಪಕ್ಕದಲ್ಲೇ ಮಣ್ಣು ಕೆತ್ತಿಕೊಂಡೆ. ಅಪ್ಪನನ್ನು ಕೇಳಲಿಲ್ಲ.

ಪ್ರಯೋಗಾಲಯದಿಂದ ಬಂದ ಫಲಿತಾಂಶ ನೋಡಿ ಕುಣಿದಾಡಿದೆ. ಟೈಟೇನಿಯಂ ನಾನು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. "ನಾ ತೋಡಿದ ಬಾವ್ಯಾಗ ಇಮಾನದ ಲೋಹ ಐತಂತ!" ಎಂದು ಅಪ್ಪ ಓಣಿ ತುಂಬ ಹೇಳಿಕೊಂಡು ಬಂದರು. ಲೇಖನ ಬರೆದು ಮುಗಿಸಿದೆ. ಕಳಿಸುವ ಮುನ್ನ ಕೊನೆಯ ಸಲ ಅಂಕಿಗಳನ್ನು ನೋಡಿದಾಗ ತಪ್ಪು ಕಣ್ಣಿಗೆ ಬಿತ್ತು. ಮಳೆ ಬಿಟ್ಟುಹೋದದ್ದಾದರೆ ಎರಡು ಲೋಹಗಳೂ ಒಟ್ಟಿಗೆ ಏರಬೇಕು. ಇಲ್ಲಿ ನಿಯೋಬಿಯಂ ಇದ್ದಲ್ಲೇ ಇತ್ತು.

"ಅಪ್ಪಾ, ಬಾವ್ಯಾಗ ಹಚ್ಚಿದ್ದು ಏನದು?"

"ಬಾಗಲಕ್ಕ ಹಚ್ಚಿ ಉಳದಿತ್ತಲ್ಲ, ಬಿಳಿ ಆಯಿಲ್ ಪೇಂಟ. ಸುಣ್ಣ ಹಸಿಯೊಳಗ ನಿಲ್ಲಂಗಿಲ್ಲವ್ವಾ."

ಆ ಪೇಂಟಿಗೆ ಬಿಳುಪು ಬರುವುದೇ ಟೈಟೇನಿಯಂನಿಂದ.

"ಯಾರ ಹೇಳಿದ್ರು ನಿಮಗ? ಮೂರು ವರ್ಷದ ಕೆಲಸ ಮಣ್ಣುಪಾಲಾತು! ತಿಳೀಲಾರದ್ರಾಗ ಯಾಕ ಕೈ ಹಾಕ್ತೀರಿ?"

ನಾನು ಹುಟ್ಟುವ ಮೊದಲೇ ಆ ಪಟ್ಟಿಯನ್ನು ಬಲ್ಲವರಿಗೆ ತಿಳಿಯುವುದಿಲ್ಲ ಅಂದೆ. ಅಪ್ಪ ತಲೆ ತಗ್ಗಿಸಿ, "ನೀ ಮುಂದ ಇಳಿಯೂ ಆರಗದ ಬಾವಿಗೂ ಹಚ್ಚಿ ಬಂದೇನಿ" ಎಂದರು. ನಾನು ಬಾಗಿಲು ದಡಾರೆಂದು ಎಳೆದುಕೊಂಡು ಹೊರಗೆ ಹೋದೆ.

ಮರುದಿನ ಬೇರೆ ಮಣ್ಣು ತರಲು ಮಾಲಗಾಂವಕ್ಕೆ ಹೋದಾಗ ತೋಟದ ಮಾಲಕರು ಮರಾಠಿಯಲ್ಲಿ ಕೇಳಿದರು, "ಮೇಸ್ತ್ರಿಗಳ ಎದೆ ಈಗ ಹೇಗಿದೆ?" ಆಮೇಲೆ ನಡೆದದ್ದನ್ನು ಹೇಳಿದರು. ಬೇರೆಯವರಿಗೆ ಪಟ್ಟಿ ಗುರುತು ಸಿಗುವುದಿಲ್ಲ ಎಂದು ಅಪ್ಪ ತಾವೇ ಕ್ರೇನಿನ ಬಕೆಟ್ಟಿನಲ್ಲಿ ಕೂತು ಇಳಿದಿದ್ದರು. ಮೇಲೆ ಬಂದಮೇಲೆ ಒಂದು ತಾಸು ಮಾತಾಡಲಾಗದೆ ಕೂತಿದ್ದರು. ಮಗಳಿಗೆ ಹೇಳಬೇಡಿ ಎಂದು ಕೈ ಮುಗಿದಿದ್ದರಂತೆ.

ಬಾವಿಯ ಕಟ್ಟೆಯ ಮೇಲೆ ಕೂತು ಅತ್ತೆ. ನಾಚಿಕೆಯಿಂದ ಅತ್ತೆ. ಆಮೇಲೆ ಇಳಿದು, ಗೆರೆಯಿಂದ ದೂರದಲ್ಲಿ ಮಣ್ಣು ಕೆತ್ತಿ ತಂದೆ.

ಹೊಸ ಫಲಿತಾಂಶ ಬರುವ ಹೊತ್ತಿಗೆ ಅಪ್ಪ ಮಿರಜಿನ ಆಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದರು. ಗಣಿ ತೋಡುವಷ್ಟು ಲೋಹ ಅಲ್ಲಿರಲಿಲ್ಲ. ಆದರೆ ಎರಡೂ ಲೋಹಗಳು ಒಟ್ಟಿಗೆ, ಸ್ವಲ್ಪವೇ ಏರಿದ್ದವು; ಅದು ಮಳೆಯದೇ ಕೆಲಸ. ಅದನ್ನು ಹೇಳಿ, "ತಪ್ಪು ನಂದ ಅಪ್ಪಾ. ನಾ ಕೇಳಬೇಕಾಗಿತ್ತು" ಎಂದೆ.

ಅಪ್ಪ ಮಾಸ್ಕು ಸರಿಸಿದರು. "ಪೇಂಟ ಕೆರದ ಹಾಕಿದಿ ಏನ?"

"ಇಲ್ಲರಿ."

"ಹಾಕಬ್ಯಾಡ. ಕತ್ತಲದಾಗ ನಿನಗ ಪಟ್ಟಿ ಸಿಗಂಗಿಲ್ಲ."

ಆ ವಾರವೇ ಅಪ್ಪ ಹೋದರು.

ಆರಗದ ಬಾವಿಗೆ ಹೋಗಲು ನನಗೆ ಬಹಳ ದಿನ ಧೈರ್ಯ ಬರಲಿಲ್ಲ. ಹೋದ ತಿಂಗಳು ಇಳಿದೆ. ಬ್ಯಾಟರಿ ಬೆಳಕು ಬಿಟ್ಟ ಕೂಡಲೇ ಗೆರೆ ಕಂಡಿತು. ಮಾಲಗಾಂವದ ಗೆರೆಯಂತೆ ಇದು ನೇರವಾಗಿರಲಿಲ್ಲ. ಗೇಣಿಗೊಮ್ಮೆ ತುಂಡಾಗಿ, ಮತ್ತೆ ಶುರುವಾಗಿತ್ತು. ತುಂಡಾದಲ್ಲೆಲ್ಲ ಅಪ್ಪ ಕುಂಚ ಇಳಿಸಿ ಉಸಿರು ಎಳೆದುಕೊಂಡಿದ್ದಾರೆ. ಎಷ್ಟು ಸಲ ಎಂದು ಎಣಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಗೆರೆ ಮುಟ್ಟದೆ, ಒಂದು ಮೊಳ ಆಚೆಗೆ ಸರಿದು ಮಣ್ಣಿಗೆ ಉಳಿ ಇಟ್ಟೆ.