ನೀರು ಬರುವ ಅಧ್ಯಾಯ

ಜೋಳದ ಹಿಟ್ಟು ಮೆತ್ತಿದ ಬೆರಳಿನಿಂದ ಪುಟ ತಿರುವಿದರೆ ಅಕ್ಷರಗಳ ಮೇಲೆ ಬಿಳಿಯ ಮಬ್ಬು ಕೂರುತ್ತದೆ. ನನ್ನ ಕಾದಂಬರಿಯ ಮೊದಲ ಪುಟಗಳು ಈಗಲೂ ಹಾಗೇ ಇವೆ. ಸಿಂದಗಿಯ ನಮ್ಮ ಮನೆಯಲ್ಲಿ ಬರೆಯಲು ನನಗೆ ಸಿಕ್ಕ ಜಾಗ ಅಡುಗೆಮನೆಯ ಕಟ್ಟೆ, ಸಿಕ್ಕ ಹೊತ್ತು ಒಂದು ರೊಟ್ಟಿ ಬೇಯುವಷ್ಟು. ಮಗಳು ಫೋನಿನಲ್ಲಿ ತೋರಿಸಿದ ಬರಹಗಾರರ ಬಳಗವೊಂದು ಪಂಥ ಒಡ್ಡಿತ್ತು: ಮೂವತ್ತು ದಿನ, ದಿನಕ್ಕೆ ಸಾವಿರ ಪದ, ತಿಂಗಳ ಕೊನೆಗೊಂದು ಕಾದಂಬರಿ. ಮದುವೆಗೆ ಮುಂಚೆ ಕಥೆ ಬರೆಯುತ್ತಿದ್ದವಳು, ಆಮೇಲೆ ಇಪ್ಪತ್ತು ವರ್ಷ ಶಾಲೆಯ ಹಾಜರಿ ಪುಸ್ತಕವನ್ನಲ್ಲದೆ ಬೇರೇನನ್ನೂ ಬರೆಯದವಳು ನಾನು. ನಿಮ್ಮಲ್ಲೂ ಎಲ್ಲೋ ಇಟ್ಟು ಮರೆತ ಆಸೆಯೊಂದಿದ್ದರೆ ಗೊತ್ತಿರುತ್ತದೆ, ಹಳೆಯದಾದ ಮಾತ್ರಕ್ಕೆ ಅದು ಸಣ್ಣದಾಗುವುದಿಲ್ಲ. ಹೆಸರು ಕೊಟ್ಟುಬಿಟ್ಟೆ.

ಮೂರನೆಯ ದಿನ ರೊಟ್ಟಿ ಸೀದಿತು. ಅತ್ತೆ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ರೊಟ್ಟಿ ನಾ ಬಡಿತೇನಿ, ನೀ ಬರಿ. ಆದ್ರ ಏನ ಬರದಿ ಅಂತ ದಿನಾ ನನಗ ಓದಿ ಹೇಳಬೇಕು."

ಅವರಿಗೆ ಓದಲು ಬಾರದು. ನಾನು ಬರೆಯುತ್ತಿದ್ದುದು ನದಿದಂಡೆಯ ಹಳ್ಳಿಯ ಹುಡುಗಿಯೊಬ್ಬಳ ಕಥೆ, ಕೊನೆಗೆ ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಊರಿನ ಕಥೆ; ನಾನು ನದಿ ಕಂಡದ್ದು ಮಾತ್ರ ಸೇತುವೆ ದಾಟುವ ಬಸ್ಸಿನ ಕಿಟಕಿಯಿಂದ. ಎರಡು ಪುಟ ಕೇಳುವಷ್ಟರಲ್ಲಿ ಅತ್ತೆಯ ಕೈ ನಿಂತಿತು.

"ಹೊಳಿ ದಂಡಿ ಊರಾಗ ಬಾವಿ ಯಾಕ ತೋಡಿಸಿದಿ? ಅಲ್ಲಿ ಮಂದಿ ಹೊಳಿ ನೀರ ಕುಡಿತಾರ."

ಅತ್ತೆಯ ತವರು ಮುದ್ದೇಬಿಹಾಳದ ಕಡೆಯ ಕೃಷ್ಣಾ ದಂಡೆಯ ಊರು. ಹಿನ್ನೀರಿನಲ್ಲಿ ಅದು ಮುಳುಗಿ ಎಷ್ಟೋ ವರ್ಷವಾಯಿತು. ನಾನು ಸೊಸೆಯಾಗಿ ಬಂದಾಗಿನಿಂದ ಅದರ ಮಾತನ್ನು ಅವರು ಎತ್ತಿದ್ದೇ ಇಲ್ಲ. ಆ ಬೆಳಿಗ್ಗೆಯಿಂದ ಎತ್ತತೊಡಗಿದರು. ಉಸುಕಿನಲ್ಲಿ ಬೆಳೆಯುತ್ತಿದ್ದ ಕಲ್ಲಂಗಡಿ, ಮೂರು ಕಂಬದ ಪಡಸಾಲೆ, ತಾಯಿ ಕೂತು ತಲೆ ಬಾಚುತ್ತಿದ್ದ ಬೇವಿನ ಕಟ್ಟೆ ಎಲ್ಲವೂ ದಿನಕ್ಕಿಷ್ಟರಂತೆ ನನ್ನ ಕಾದಂಬರಿಯೊಳಗೆ ಬಂದವು. ನನ್ನ ತವರು ಝಳಕಿ, ಎರಡು ತಾಸಿನ ಹಾದಿ. ವರ್ಷಕ್ಕೊಮ್ಮೆಯೂ ಹೋಗುವುದಿಲ್ಲ, ಆದರೆ ಹೋಗಬಹುದು ಎಂಬುದೇ ಒಂದು ಸುಖ. ಅತ್ತೆಗೆ ಆ 'ಬಹುದು' ಇಲ್ಲವೆಂಬುದು ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ಹೊಳೆದಿರಲಿಲ್ಲ.

ಇಪ್ಪತ್ತೆರಡನೆಯ ದಿನ ಓದಿ ಮುಗಿಸಿ ಹೇಳಿದೆ: "ನಾಳಿ ಊರಿಗೆ ನೀರ ಬರ್ತಾವ್ರಿ ಅತ್ತಿ."

ಅವರು ಬಡಿಯುತ್ತಿದ್ದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿ ಹಿಟ್ಟಿಗೆ ಸೇರಿಸಿದರು.

"ನಾಳಿ ಬ್ಯಾಡ ಯವ್ವಾ. ಇನ್ನ ನಾಕ ದಿನ ಊರ ಇರಲಿ."

ನಾಲ್ಕು ದಿನ ಹೋದವು, ಐದಾದವು. ಅವರು ಹಿಂದಿನ ಪುಟಗಳನ್ನೇ ಮತ್ತೆ ಓದಿಸಿಕೊಂಡರು. ಮುಗಿಸುವ ಆಸೆ ನನಗಿರಲಿಲ್ಲ ಎಂದರೆ ಸುಳ್ಳಾದೀತು. ಶಾಲೆಯ ಊಟದ ಬಿಡುವಿನಲ್ಲಿ ಕಳ್ಳಿಯಂತೆ ನೋಟ್‌ಬುಕ್ ತೆರೆದು 'ನೀರು ಬಂತು' ಎಂದು ಬರೆದೆ. ಮನೆಯಲ್ಲಿ ಬೇವಿನ ಕಟ್ಟೆಯ ಪುಟಕ್ಕಾಗಿ ಕಾಯುತ್ತಿದ್ದವರ ಮುಖ ಕಣ್ಣಿಗೆ ಕಟ್ಟಿತು. ಹೊಡೆದುಹಾಕಿದೆ. ತಿಂಗಳು ಮುಗಿಯಿತು. ಬಳಗದಲ್ಲಿ ಗೆದ್ದವರ ಪಟ್ಟಿ ಬಂತು, ನನ್ನ ಹೆಸರಿರಲಿಲ್ಲ.

"ಎಂಟ ದಿನದ್ದಷ್ಟ ಉಳಿದಿತ್ತಲ್ಲವ್ವಾ," ಎಂದು ಮಗಳು ಮರುಗಿದಳು. ನಾನು ಹಿತ್ತಲಿಗೆ ಹೋಗಿ, ಒಗೆದ ಅರಿವೆ ಹಿಂಡುತ್ತ ಕಣ್ಣೀರು ಹಾಕಿದೆ.

ವಾರದ ಮೇಲೆ, ಒಂದು ರವಿವಾರದ ಮುಂಜಾನೆ, ಅತ್ತೆ ತಾವಾಗಿಯೇ ಬಂದು ನನ್ನ ಎದುರಿಗೆ ಕೂತರು.

"ಊರ ಬಿಡೂ ದಿನ ನಾನೂ ಅಲ್ಲೇ ಇದ್ದೆ. ಸಾಮಾನೆಲ್ಲಾ ಹೇರಿ ಆಗಿತ್ತು, ಬಾಗಲಾ ಸುದ್ದಾ ಕಿತ್ತಿದ್ರು. ಅಂಥಾದ್ರಾಗ ನಮ್ಮವ್ವ ಕಸಾ ಹೊಡದು, ಅಂಗಳ ಸಾರ್ಸಿ, ರಂಗೋಲಿ ಹಾಕಾಕತ್ತಿದ್ಲು. ಮುಳಗೂ ಮನಿಗಿ ಯಾಕಬೇ ಇದೆಲ್ಲಾ ಅಂದೆ."

"ಏನಂದ್ರು?"

"ಬರಾಕಿ ಕೃಷ್ಣವ್ವ, ಅಂಗಳ ಹೊಲಸ ಇರಬಾರ್ದು ಅಂದ್ಲು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ನೋಟ್‌ಬುಕ್ಕನ್ನು ನನ್ನತ್ತ ಸರಿಸಿದರು.

"ಮೊದಲ ಅದನ್ನ ಬರಿ. ಆಮ್ಯಾಲ ನೀರ ಬರಲಿ."