ನಮ್ಮ ಕಾರಿಗೆ ಬ್ಲೋವರ್ ಕೂಡಿಸಿದ ವರ್ಷ

ನಮ್ಮ ಮನೆ ಬಸವಕಲ್ಯಾಣದಲ್ಲಿ, ನಮ್ಮವರ ಬೀಜ-ಗೊಬ್ಬರದ ಅಂಗಡಿ ಹುಮನಾಬಾದಿನಲ್ಲಿ. ನಾನು ಪಾಠ ಹೇಳುತ್ತಿದ್ದ ಶಾಲೆಯೂ ಅಲ್ಲೇ. ದಿನಾ ಬೆಳಗ್ಗೆ ಇಬ್ಬರೂ ನಮ್ಮ ಬಿಳಿ ಸಣ್ಣ ಕಾರಿನಲ್ಲಿ ಹೋಗಿ ಸಂಜೆ ಕೂಡಿಯೇ ಮರಳುತ್ತಿದ್ದೆವು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಹೈವೇ ಇನ್ನೂ ಅಗಲವಾಗಿರಲಿಲ್ಲ, ಹೋಗುವ ಲಾರಿಗೂ ಬರುವ ಲಾರಿಗೂ ಒಂದೇ ಡಾಂಬರು ಪಟ್ಟಿ.

ಆ ಚಳಿಗಾಲದ ಒಂದು ಮುಂಜಾನೆ ಅತ್ತೆಗೆ ದಮ್ಮು ಹೆಚ್ಚಾಯಿತು. ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ನನ್ನ ಹೆಗಲಿಗೆ ಆನಿಸಿಕೊಂಡು ಹುಮನಾಬಾದಿನ ಆಸ್ಪತ್ರೆಗೆ ಹೊರಟೆವು. ಏರಿನಲ್ಲಿ ಕಬ್ಬು ತುಂಬಿದ ಲಾರಿಯೊಂದು ಅಡ್ಡ ಸಿಕ್ಕಿತು. ನಮ್ಮವರು ದಾಟಲೆಂದು ಬಲಕ್ಕೆ ತೆಗೆಯುತ್ತಾರೆ, ಕಾರು ಎಳೆಯುವುದಿಲ್ಲ, ಮತ್ತೆ ಲಾರಿಯ ಹಿಂದೆಯೇ ಬರುತ್ತಾರೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅತ್ತೆಯ ತುಟಿ ನೀಲಿಯಾಗಿತ್ತು. ಅತ್ತೆ ಉಳಿದರು. ಆದರೆ ನಮ್ಮವರು ಆ ಲಾರಿಯನ್ನು ಮನಸ್ಸಿನಿಂದ ತೆಗೆಯಲಿಲ್ಲ. ಊಟಕ್ಕೆ ಕೂತಾಗಲೂ ಅದೇ ಮಾತು. "ಇನ್ನೊಂದ್ ಸಲ ಹಿಂಗಾದ್ರ?"

ದೊಡ್ಡ ಕಾರು ಕೊಳ್ಳುವ ತಾಕತ್ತು ನಮಗಿರಲಿಲ್ಲ. ನಮ್ಮ ಕಲ್ಯಾಣದ ಆಟೋ ನಗರದಲ್ಲಿ ನಮ್ಮವರ ಗೆಳೆಯರೊಬ್ಬರ ಗ್ಯಾರೇಜಿತ್ತು. ಕೆಲವು ವರ್ಷ ದುಬೈಯಲ್ಲಿ ಕೆಲಸ ಮಾಡಿ ಬಂದವರು, ಎಲ್ಲರೂ ಅವರನ್ನು ಭಾಯ್ ಅನ್ನುತ್ತಿದ್ದರು. ಹೈದರಾಬಾದಿನ ಗುಜರಿಯಲ್ಲಿ ಅವರಿಗೆ ಜಪಾನಿನ ಯಾವುದೋ ಕಾರಿನಿಂದ ಬಿಚ್ಚಿದ ಸೂಪರ್‌ಚಾರ್ಜರ್ ಸಿಕ್ಕಿತ್ತು. ನೋಡಲು ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಒಳಗೆ ಒಂದಕ್ಕೊಂದು ಹೆಣೆದುಕೊಂಡು ತಿರುಗುವ ಎರಡು ಉರುಳೆ. ಇಂಜಿನ್ನು ತಾನಾಗಿ ಎಳೆಯುವ ಗಾಳಿಗಿಂತ ಹೆಚ್ಚು ಗಾಳಿಯನ್ನು ಒತ್ತಿ ಒಳಗೆ ತುರುಕುವುದೇ ಅದರ ಕೆಲಸ. ಇಂಜಿನ್ನಿನ ಬೆಲ್ಟಿನಿಂದಲೇ ಅದನ್ನು ತಿರುಗಿಸಬೇಕು. ಭಾಯ್ ಅದನ್ನು ಬ್ಲೋವರ್ ಅಂತಿದ್ದರು, ನಾವೂ ಹಾಗೇ ಅಂದೆವು.

ಕಾರು ಬಹಳ ದಿನ ಗ್ಯಾರೇಜಿನಲ್ಲಿತ್ತು. ತರಲು ಹೋದಾಗ ಭಾಯ್ ಕೈ ಒರೆಸಿಕೊಳ್ಳುತ್ತ ಒಂದು ಮಾತು ಹೇಳಿದರು. "ಓಡಾಕ ಮಾಡಿಕೊಟ್ಟೀನಿ. ನಿಂದ್ರಾಕ ಏನೂ ಮಾಡಿಲ್ಲ. ಬ್ರೇಕು ಹಳೇವೇ ಅವ, ಖಯಾಲ್ ಇರ್ಲಿ."

ನಮ್ಮವರು ತಲೆಯಾಡಿಸಿದರು. ಆದರೆ ಅವರ ಕಿವಿ ಇಂಜಿನ್ನಿನ ಕಡೆಗಿತ್ತು. ಆಕ್ಸಿಲರೇಟರ್ ಒತ್ತಿದಾಗ ಬಾನೆಟ್ಟಿನ ಒಳಗಿಂದ ತೆಳ್ಳಗೆ, ಮೇಲೆ ಮೇಲೆ ಏರುವ ಒಂದು ಕೂಗು ಬರುತ್ತಿತ್ತು. ನಮ್ಮ ಓಣಿಯ ನಾಯಿಗಳು ಕಾರು ಬಾಗಿಲಿಗೆ ಬರುವ ಮೊದಲೇ ಎದ್ದು ದೂರ ಹೋಗತೊಡಗಿದವು. ಅತ್ತೆ ಒಂದೇ ಸಲ ಅದರಲ್ಲಿ ಕೂತರು. ಇಳಿದು ಬಂದು ಕಟ್ಟೆಯ ಮೇಲೆ ಕೂತು, "ಇದು ದಮ್ಮು ಎಳಿಯೂದು ನನಗಿಂತ ಜೋರದ. ನಾ ಬಸ್ಸಿಗೇ ಹೋಗ್ತೀನಿ ತಗೊ," ಅಂದರು.

ಯಾರಿಗಾಗಿ ಮಾಡಿಸಿದ್ದೋ ಅವರು ಮತ್ತೆ ಆ ಕಾರು ಹತ್ತಲಿಲ್ಲ.

ನಮ್ಮವರು ಬದಲಾದದ್ದು ನನಗೆ ಒಮ್ಮೆಲೇ ತಿಳಿಯಲಿಲ್ಲ. ಮೊದಲು ದಾರಿಯಲ್ಲಿ ಮಾತು ಕಡಿಮೆಯಾಯಿತು. ಆಮೇಲೆ ಮುಂದೆ ಲಾರಿ ಇಲ್ಲದಿದ್ದರೂ ಆಕ್ಸಿಲರೇಟರ್ ತುಳಿಯುವುದು ಶುರುವಾಯಿತು. ಗಟ್ಟಿಯಾಗಿ ಬ್ರೇಕು ಹಾಕಿದಾಗ ಸುಟ್ಟ ವಾಸನೆ ಬರುತ್ತಿತ್ತು, ಕಿಟಕಿ ತೆಗೆದರೆ ಹೋಗುತ್ತದೆ ಅನ್ನುತ್ತಿದ್ದರು. ನನ್ನ ಬಲಗಾಲು ತಾನಾಗಿಯೇ, ಅಲ್ಲಿ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಶಾಲೆಗೆ ಹೋಗಿ ಕೂತಮೇಲೂ ಆ ಕಾಲಿನ ಮೀನಖಂಡ ನೋಯುತ್ತಿತ್ತು.

ಒಂದು ಸಂಜೆ ಮರಳುವಾಗ, ಲಾರಿಯೊಂದನ್ನು ಅರ್ಧ ದಾಟಿದಾಗ ಬಾನೆಟ್ಟಿನೊಳಗೆ ಚಾಟಿ ಹೊಡೆದಂತೆ ಸಪ್ಪಳವಾಯಿತು. ಬ್ಲೋವರಿನ ಬೆಲ್ಟು ಹರಿದಿತ್ತು. ಕೂಗು ನಿಂತಿತು, ಕಾರು ಸೋತಿತು, ಎದುರಿಗೆ ಟ್ಯಾಂಕರ್ ಬರುತ್ತಿತ್ತು. ಪಕ್ಕದ ಲಾರಿಯ ಡ್ರೈವರು ಅದೇನು ತಿಳಿದನೋ, ತಾನೇ ಬ್ರೇಕು ಹಾಕಿ ಹಿಂದೆ ಸರಿದ. ನಾವು ಅವನ ಮುಂದೆ ನುಸುಳಿದೆವು. ಟ್ಯಾಂಕರಿನ ಗಾಳಿಗೆ ಕಾರು ಅಲುಗಾಡಿತು.

ಮನೆಯ ಮುಂದೆ ಇಳಿದಾಗ ಹೇಳಿದೆ. "ನಾಳಿಂದ ನಾನೂ ಬಸ್ಸಿಗೆ ಹೋಗ್ತೀನ್ರಿ."

"ನನ್ ಮ್ಯಾಲ ಭರೋಸಾ ಇಲ್ಲೇನು?"

"ನಿಮ್ ಮ್ಯಾಲ ಅದ. ಅದರ ಮ್ಯಾಲ ಇಲ್ಲ."

ಅವರು ಹೊಸ ಬೆಲ್ಟು ಹಾಕಿಸಿದರು. ನಾನು ಬಸ್ಸು ಹಿಡಿದೆ. ಬಸ್ಸು ಬಂಗ್ಲಾ ಕ್ರಾಸ್ ದಾಟಿ ಹೈವೇ ಹಿಡಿದ ಸ್ವಲ್ಪ ಹೊತ್ತಿಗೆ ಆ ಕೂಗು ಹಿಂದಿನಿಂದ ಬರುತ್ತಿತ್ತು, ಬಿಳಿ ಕಾರು ಕಿಟಕಿಯ ಕೆಳಗೆ ಹಾದು ಮುಂದೆ ಹೋಗುತ್ತಿತ್ತು. ಅದು ಕಣ್ಮರೆಯಾಗುವ ತನಕ ನಾನು ಉಸಿರು ಹಿಡಿದು ಕೂತಿರುತ್ತಿದ್ದೆ.

ತೊಗರಿ ಹೂ ಬಿಟ್ಟಿದ್ದ ಹೊತ್ತು. ಆ ದಿನವೂ ಕಾರು ಬಸ್ಸನ್ನು ದಾಟಿ ಹೋಯಿತು. ಇಳುಕಲಿನ ತಿರುವಿಗೆ ಬಂದಾಗ ನಮ್ಮ ಡ್ರೈವರು ಬಸ್ಸು ನಿಧಾನ ಮಾಡಿದ. ರಸ್ತೆಯ ಬದಿಯ ಜಾಲಿ ಗಿಡ ಮುರಿದಿತ್ತು. ಕೆಳಗೆ ತೊಗರಿ ಹೊಲದಲ್ಲಿ ಎರಡು ಸಾಲು ಗಿಡ ನೆಲಕ್ಕೆ ಮಲಗಿದ್ದವು, ಆ ಸಾಲಿನ ಕೊನೆಗೆ ನಮ್ಮ ಕಾರು.

ನಾನು ಹೇಗೆ ಇಳಿದೆನೋ ನೆನಪಿಲ್ಲ. ನಮ್ಮವರು ಬಾಗಿಲು ತೆಗೆದು ಹೊರಗೆ ನಿಂತಿದ್ದರು, ಮೈಮೇಲೆ ಗಾಯವಿರಲಿಲ್ಲ. "ಬ್ರೇಕಿನ ಪೆಡಲ್ ಒಳಗ ಹೋತು. ಏನೂ ಹಿಡೀಲಿಲ್ಲ," ಅಂತ ಅದನ್ನೇ ಮತ್ತೆ ಮತ್ತೆ ಹೇಳಿದರು.

ಕಾರಿನ ಮುಂದೆ, ಕೈಗೆಟುಕುವಷ್ಟು ದೂರದಲ್ಲಿ, ಹೆಂಗಸೊಬ್ಬಳು ಕಳೆ ತೆಗೆಯುವ ಕುರ್ಚಿಗಿ ಹಿಡಿದು ನಿಂತಿದ್ದಳು. ಅವಳ ಬುತ್ತಿಯ ಗಂಟು ಗಾಲಿಯ ಅಡಿಗಿತ್ತು. ನಾನು ಅವಳ ಕೈ ಹಿಡಿದೆ, ತಣ್ಣಗಿತ್ತು.

"ಸಪ್ಪಳ ಕೇಳಿಸ್ತವ್ವಾ," ಅಂದಳು. "ಇಮಾನ ಬರಾಕತ್ತದ ಅಂದ್ಕೊಂಡೆ. ಮ್ಯಾಲ ನೋಡ್ಕೋತ ನಿಂತೆ."

ನಮ್ಮವರು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. ನಾನು ನನ್ನ ಡಬ್ಬಿಯನ್ನು ಅವಳಿಗೆ ಕೊಟ್ಟೆ. ಅವಳು ತೆಗೆದುಕೊಂಡಳು, ಉಣ್ಣಲಿಲ್ಲ.

ಆ ವಾರವೇ ಭಾಯ್ ಬ್ಲೋವರ್ ಬಿಚ್ಚಿದರು. ನಮ್ಮವರು ಅದನ್ನು ಮನೆಗೆ ತರಲಿಲ್ಲ. "ಬ್ಯಾರೆಯವ್ರಿಗಿ ಹಾಕಬ್ಯಾಡ್ರಿ ಭಾಯ್," ಅಂತಷ್ಟೇ ಹೇಳಿದರು. ಭಾಯ್ ಅದನ್ನು ಗೋಣಿಚೀಲದಲ್ಲಿ ಸುತ್ತಿ ಗ್ಯಾರೇಜಿನ ಮೂಲೆಗಿಟ್ಟರು. ಮರುವರ್ಷ ಅವರು ಮತ್ತೆ ದುಬೈಗೆ ಹೋದರು, ಗ್ಯಾರೇಜು ಬೇರೆಯವರ ಕೈಗೆ ಹೋಯಿತು. ನಮ್ಮವರು ವಿಚಾರಿಸಲು ಹೋದಾಗ ಮೂಲೆಯಲ್ಲಿ ಖಾಲಿ ಚೀಲವೊಂದೇ ಇತ್ತು. ಗಡಿಯಾಚೆಯ ಉಮರ್ಗಾ ಕಡೆಯ ಹುಡುಗರು ಬಂದು ಒಯ್ದರು, ಯಾವುದೋ ಸಣ್ಣ ಕಾರಿಗೆ ಬೇಕಾಗಿತ್ತಂತೆ ಎಂದರು ಹೊಸಬರು. ಯಾವ ಕಾರು, ಯಾವ ಊರು ಅಂತ ಅವರಿಗೂ ಗೊತ್ತಿರಲಿಲ್ಲ.