ಗುರುವಾರವೆಂದು ಬರೆದ ಸಾಲು

ಆಂಧ್ರದ ಗಡಿಯ ರಾಯದುರ್ಗದ ನಮ್ಮ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆಂದು ಒಂದು ಗೋಡೆ ಪತ್ರಿಕೆ ಇತ್ತು. ಕಚೇರಿಯ ಪಕ್ಕದ ಗೋಡೆಗೆ ಜಾಲರಿ ಬಾಗಿಲಿನ ಮರದ ಚೌಕಟ್ಟು. ಅದರೊಳಗೆ ಶುಕ್ರವಾರಕ್ಕೊಂದು ಹೊಸ ಹಾಳೆ. ನಡೆದದ್ದು ಯಾವ ದಿನವೆಂದು ತಿಳಿಸದ ಬರಹವನ್ನು ಕನ್ನಡ ಮೇಷ್ಟ್ರು ಅಂಟಿಸುತ್ತಿರಲಿಲ್ಲ. “ವಾರ ಇಲ್ಲದ ಮಾತು ಗಾಳಿಮಾತ್ರೀ ಪಂಡಿತರೇ” ಎಂದು ಹಾಳೆಯನ್ನು ಹಿಂದಿರುಗಿಸುತ್ತಿದ್ದರು. ಮಕ್ಕಳಿಗೂ ‘ರೀ’ ಹಚ್ಚಿ ಚುಚ್ಚುವುದು ಅವರ ಪದ್ಧತಿ.

ನಾನಾಗ ಒಂಬತ್ತನೆಯ ತರಗತಿ. ಅಂಕಪಟ್ಟಿಯಿಂದ ಅಷ್ಟನ್ನು ಖಚಿತಪಡಿಸಿಕೊಂಡಿದ್ದೇನೆ. ಆ ಸಾಲಿನ ಹಾಜರಿ ಪುಸ್ತಕ ಶಾಲೆಯಲ್ಲಿ ಉಳಿದಿಲ್ಲ. ತಿಂಗಳನ್ನು ಖಚಿತವಾಗಿ ಹೇಳಲಾರೆ. ಮುಂಗಾರು ತಡವಾಗಿ, ಹೊಲಗಳು ಇನ್ನೂ ಬಿತ್ತನೆಯಾಗದೆ ಬಿದ್ದಿದ್ದ ಕಾಲ. ವಾರಗಳ ವಿಷಯದಲ್ಲಿ ಮಾತ್ರ ನನಗೆ ಸಂದೇಹವಿಲ್ಲ.

ನಮ್ಮದು ಗುಮ್ಮಘಟ್ಟದ ಕಡೆಯ ಕುರಿ ಸಾಕುವ ಮನೆ. ಅಪ್ಪ ಮಂದೆಯೊಂದಿಗೆ ಹೊರಗೇ ಇರುತ್ತಿದ್ದ. ಗೊಬ್ಬರಕ್ಕಾಗಿ ರೈತರು ಕರೆದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿ, ಬೆಳಿಗ್ಗೆ ಮುಂದಕ್ಕೆ ಸಾಗುತ್ತಿದ್ದ. ಅವನಿಗೆ ಬುತ್ತಿ ಕೊಟ್ಟು ಬಂದ ಅವ್ವ ಒಂದು ಗುರುವಾರ ಸಂಜೆ ಹೇಳಿದಳು: ಗುಡ್ಡದೊಳಗಿನ ಹೊಂಡದಲ್ಲಿ ಮಂದೆಗೆ ನೀರು ಕುಡಿಸಿದರಂತೆ, ಕುರಿಗಳು ಕಲ್ಲಿನಿಂದ ಕಲ್ಲಿಗೆ ಇಳಿದ ಚೆಂದ ನೋಡಬೇಕಿತ್ತಂತೆ. ನಾನು ಅದನ್ನು ಕಣ್ಣಾರೆ ಕಂಡವಳಂತೆ ಬರೆದೆ. “ಗುರುವಾರ ನಮ್ಮ ಮಂದೆ ಗುಡ್ಡದ ಹೊಂಡಕ್ಕೆ ಇಳಿಯಿತು” ಎಂಬುದು ಮೊದಲ ಸಾಲು. ಶುಕ್ರವಾರ ಅದು ಗೋಡೆಗೇರಿತು. ಕೆಳಗೆ ನನ್ನ ಹೆಸರು.

ಅದೇ ವಾರ ಆ ಗುಡ್ಡದಲ್ಲಿ ಅರಣ್ಯ ಇಲಾಖೆಯವರು ಸಸಿ ನೆಟ್ಟಿದ್ದರೆಂದೂ, ಇನ್ನು ಒಳಹೊಕ್ಕ ಕುರಿಗಳನ್ನು ಹಿಡಿದು ದೊಡ್ಡಿಗೆ ಹಾಕುವುದಾಗಿ ಡಂಗುರ ಹೊಡೆಸಿದ್ದರೆಂದೂ ನನಗೆ ತಿಳಿದದ್ದು ಶನಿವಾರ. ಶಾಲೆಗೆ ಸಸಿ ತಂದ ಅರಣ್ಯ ಗಾರ್ಡ್ ಅದನ್ನು ಮುಖ್ಯೋಪಾಧ್ಯಾಯರಿಗೆ ಹೇಳುತ್ತಿದ್ದ. ಕರಾವಳಿ ಆಂಧ್ರದಿಂದ ಹೊಸದಾಗಿ ಬಂದವನು, ಕನ್ನಡ ಬಾರದು. ಹಾಳೆಯ ಮೂಲೆಯಲ್ಲಿ ನಾನು ಬಿಡಿಸಿದ್ದ ಗುಡ್ಡದ ಚಿತ್ರ ಅವನ ಕಣ್ಣಿಗೆ ಬಿತ್ತು.

“ಏಂ ರಾಸಾರು? ಚದುವಮ್ಮಾ, ವಿಂಟಾನು” ಎಂದ. ಏನು ಬರೆದಿದೆಯೆಂದು ನಾನು ಓದಿ ತೆಲುಗಿನಲ್ಲಿ ಹೇಳಬೇಕಿತ್ತು.

ಸುತ್ತ ಇಪ್ಪತ್ತು ಮಕ್ಕಳಾದರೂ ನಿಂತಿದ್ದರು. ತೆಲುಗು ಮಾಧ್ಯಮದವರಿಗೂ ಕನ್ನಡ ತಿಳಿಯುತ್ತಿತ್ತು, ಮುಖ್ಯೋಪಾಧ್ಯಾಯರಿಗಂತೂ ಚೆನ್ನಾಗಿಯೇ. ಅರ್ಥವಾಗದವನು ಅಲ್ಲಿ ಅವನೊಬ್ಬನೇ. ನಾನು ಗುಡ್ಡವನ್ನು ಊರ ಕೆರೆ ಮಾಡಿದೆ. ಗುರುವಾರ ಮಂದೆ ಊರ ಕೆರೆಗೆ ಇಳಿಯಿತು ಎಂದು ತೆಲುಗಿನಲ್ಲಿ ಹೇಳಿದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಯಾರೂ ತಿದ್ದಲಿಲ್ಲ.

ಗಾರ್ಡ್ ಮೆಚ್ಚಿಕೊಂಡ. ಅದೇ ಅಪಾಯವಾಯಿತು. “ಮಾ ರೇಂಜರ್ ಗಾರಿದಿ ಮಡಕಶಿರಾ. ಕನ್ನಡಂ ಬಾಗಾ ಚದುವುತಾರು.” ಸೋಮವಾರ ಬಂದು ಹಾಳೆಯನ್ನು ಒಯ್ದು, ಕನ್ನಡ ಬಲ್ಲ ತನ್ನ ರೇಂಜರಿಗೆ ತೋರಿಸುವನಂತೆ.

ಅವನು ಹೋದ ಮೇಲೆ ನಾನು ಜಾಲರಿಯ ಚಿಲಕಕ್ಕೆ ಕೈಹಾಕಿದೆ. ಕನ್ನಡ ಮೇಷ್ಟ್ರು ಹಿಂದೆಯೇ ನಿಂತಿದ್ದರು.

“ಹರೀತೀರೇನ್ರೀ?”

“ನಮ್ಮ ಕುರಿ ಹೋಗ್ತಾವ್ರಿ ಸಾರ್.”

“ಅದು ಸುಳ್ಳಿದ್ರ ನಾನ ಹರೀತೀನಿ. ಸುಳ್ಳೇನು?”

ನಾನು ಚಿಲಕದಿಂದ ಕೈ ತೆಗೆದೆ. ಅವರು ಚೌಕಟ್ಟಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಇಳಿಸಿದರು.

ಭಾನುವಾರ ಬುತ್ತಿ ಹೊತ್ತು ಅವ್ವನೊಂದಿಗೆ ನಾನೂ ಹೋದೆ. ಮಂದೆ ಬೆಳುಗುಪ್ಪದ ದಾರಿಯಲ್ಲಿತ್ತು. ಅಪ್ಪ ರೊಟ್ಟಿ ಮುರಿಯುವವರೆಗೂ ಕಾದು, ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದೆ. ಹೊಡೆಯುತ್ತಾನೆಂದುಕೊಂಡಿದ್ದೆ.

“ಯಾವ ವಾರ ಅಂತ ಬರದೀ?”

“ಗುರುವಾರ.”

“ಯಾಕವ್ವಾ, ಗುರುವಾರ ನಾನೆಲ್ಲಿದ್ದೆ ಅಲ್ಲಿ?” ಅವನು ರೊಟ್ಟಿ ಕೆಳಗಿಟ್ಟು ಬೆರಳು ಮಡಚತೊಡಗಿದ. ಅಕ್ಷರ ಬಾರದ ಅವನು ದಿನಗಳನ್ನು ಮಂದೆ ನಿಲ್ಲಿಸಿದ ಹೊಲಗಳಿಂದ ನೆನಪಿಡುತ್ತಿದ್ದ. “ನಿನ್ನಿ ಈ ಕಲ್ಲಹೊಲ. ಶುಕ್ರವಾರ ಬೇವಿನಮರದ ಹೊಲ. ಗುರುವಾರ ಹಳ್ಳದ ದಂಡಿ. ಬುಧವಾರ ಜೋಡಿ ಬಾವಿ, ಅಲ್ಲೇ ಡಂಗುರ ಕೇಳಿದ್ದು. ಅದರ ಹಿಂದಿನ ರಾತ್ರಿ ನಿಮ್ಮ ಸಾಲಿ ಗಂಟಿ ಹೊಡಿತಾನಲ್ಲ, ಅವನ ಹೊಲ, ಗುಡ್ಡದ ಬುಡಕ್ಕ. ನೀರು ಕುಡಿಸಿದ್ದು ಅವತ್ತ, ಹೊತ್ತು ಇಳಿಯಾಗ. ಮಂಗಳವಾರ.”

“ಅವ್ವ ಗುರುವಾರ ಹೇಳಿದ್ಲು.”

“ಆಕಿ ಹೇಳಿದ್ದು ಗುರುವಾರ. ಕುರಿ ಕುಡದದ್ದು ಮಂಗಳವಾರ. ಎಂಟು ವರ್ಷ ಸಾಲಿ ಕಲ್ತು ಇಷ್ಟ ಏನು ನೀನು?”

ಕೇಳಿದ ದಿನವನ್ನು ನಡೆದ ದಿನವೆಂದು ಬರೆದಿದ್ದೆ. ಮಂಗಳವಾರ ಗುಡ್ಡಕ್ಕೆ ನಿಷೇಧವಿರಲಿಲ್ಲ. ಅಪ್ಪನ ಮಂದೆಯನ್ನು ದೊಡ್ಡಿಗೆ ನೂಕಬಲ್ಲ ಏಕೈಕ ಸಾಕ್ಷ್ಯ ನನ್ನ ಕೈಬರಹವಾಗಿತ್ತು.

ಸೋಮವಾರ ಗಾರ್ಡ್ ಪ್ರಾರ್ಥನೆಗೂ ಮೊದಲೇ ಬಂದ. ಮೇಷ್ಟ್ರು ಬೀಗ ತೆಗೆದು ಹಾಳೆಯನ್ನು ಅವನಿಗೆ ಕೊಡದೆ ನನ್ನ ಕೈಗಿತ್ತರು. ಶನಿವಾರ ತಪ್ಪಾಗಿ ಓದಿದೆನೆಂದು ತೆಲುಗಿನಲ್ಲಿ ಹೇಳಿದೆ. ಅದು ಕೆರೆಯಲ್ಲ, ಗುಡ್ಡ. ಅವನ ಮುಖದ ನಗು ಇಳಿಯಿತು.

“ಏ ರೋಜು?” ಯಾವ ದಿನ ಎಂಬ ಪ್ರಶ್ನೆ.

ಮಂಗಳವಾರ, ಎಂದೆ. ಹಾಳೆಯಲ್ಲಿ ಬರೆದದ್ದು ತಪ್ಪು.

“ಎವರು ಚೆಪ್ಪಾರು?”

ಹೇಳಿದವನು ನನ್ನ ಅಪ್ಪ. ಕುರಿಗಳ ಒಡೆಯನೂ ಅವನೇ. ಆ ಮಾತಿಗೆಷ್ಟು ಬೆಲೆಯೆಂದು ನನಗೂ ತಿಳಿದಿತ್ತು. ನಾನು ಗಂಟೆಯ ಬಳಿ ನಿಂತಿದ್ದ ಅಟೆಂಡರನ ಕಡೆ ತಿರುಗಿ, “ಮಾಮಾ, ನಿಮ್ಮ ಹೊಲದಾಗ ನಮ್ಮ ಕುರಿಮಂದಿ ನಿಂತದ್ದು ಯಾವತ್ತು?” ಎಂದೆ. ಉತ್ತರವನ್ನು ಸೂಚಿಸಬಾರದೆಂಬ ಎಚ್ಚರ ಆಗಲೇ ಹೇಗೋ ಬಂದಿತ್ತು.

ಅಟೆಂಡರ್ ಕೋಲು ಹಿಡಿದೇ ಯೋಚಿಸಿದ.

“ಮಂಗಳವಾರ್ರಿ,” ಎಂದ. “ಹೊತ್ತು ಮುಣುಗಾಗ ಗುಡ್ಡ ಇಳದು ಬಂದ್ವು. ಮರುದಿನ ಡಂಗುರ ಆತು. ಒಂದಿನ ತಡದಿದ್ರ ನನ್ನ ಹೊಲಕ್ಕ ಗೊಬ್ಬರ ಎಲ್ಲಿದ್ರಿ?” ಅದನ್ನೇ ತೆಲುಗಿನಲ್ಲಿಯೂ ಹೇಳಿದ.

ಗಾರ್ಡ್ ತಲೆಯಾಡಿಸಿದ. ಬುಧವಾರದ ಡಂಗುರದ ಜೊತೆ ತಾನೇ ನಡೆದಿದ್ದೆನೆಂದ. ಮಂಗಳವಾರದ ಕುರಿಗೆ ಕೇಸಿಲ್ಲ. ಹಾಳೆಯನ್ನು ಒಯ್ಯಲೂ ಇಲ್ಲ. ಹೊರಡುವ ಮುನ್ನ ನನ್ನನ್ನು ನೋಡಿ, “ಮರಿ ಶನಿವಾರಂ ಅಬದ್ಧಂ ಎಂದುಕು ಚದಿವಾವು?” ಎಂದ. ಆ ದಿನ ಸುಳ್ಳು ಓದಿದ್ದೇಕೆ ಎಂಬ ಆ ಪ್ರಶ್ನೆಗೆ ಸುತ್ತಲಿದ್ದ ಯಾರೂ ಈ ಸಲ ಕೆಮ್ಮಲಿಲ್ಲ.

ಮೇಷ್ಟ್ರು ಪೆನ್ನು ಕೊಟ್ಟರು. ‘ಗುರುವಾರ’ವನ್ನು ಹೊಡೆದು ‘ಮಂಗಳವಾರ’ ಎಂದು ಬರೆದು, ತಿದ್ದಿದ್ದು ಸೋಮವಾರ ಎಂದು ಸಹಿ ಹಾಕಿದೆ. ಹೊಡೆದ ಅಕ್ಷರಗಳು ಓದುವಂತಿರಬೇಕೆಂದು ಅವರು ಹೇಳಿದರು. ಶುಕ್ರವಾರದವರೆಗೂ ಅದು ಹಾಗೆಯೇ ಗೋಡೆಯ ಮೇಲಿತ್ತು.

ಇತಿಹಾಸ ಅಧ್ಯಾಪಕಿಯಾಗಿ ನಿವೃತ್ತಳಾದ ಬಳಿಕ ಆ ಡಂಗುರದ ಲಿಖಿತ ಆದೇಶಕ್ಕಾಗಿ ಹಳೆಯ ಕಡತಗಳನ್ನು ಹುಡುಕಿದೆ. ಸಿಕ್ಕಿಲ್ಲ. ಬುಧವಾರಕ್ಕೆ ಇಂದಿಗೂ ಇರುವ ಆಧಾರ ಮೂವರ ಬಾಯಿಮಾತು: ಗಾರ್ಡ್, ಅಟೆಂಡರ್ ಮತ್ತು ಬೆರಳು ಮಡಚಿ ಎಣಿಸಿದ ಅಪ್ಪ.